ಗೆರೆ ಒತ್ತುವರಿ

ಮೊದ್ಲೇ ಒಂದು ಪ್ರಶ್ನೆ ಕೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ಸಲ ಟೆನಿಸ್ ಆಡುವಾಗ ಎದುರಿನವರ ಬಾಲಿಗೆ ಬೆರಳೆತ್ತಿ "ಔಟ್!" ಅಂದ್ರಲ್ಲ, ಅದು ನಿಜವಾಗ್ಲೂ ಔಟಾ? ಯೋಚ್ನೆ ಮಾಡಿ ಹೇಳಿ, ಅವಸರ ಇಲ್ಲ. (ಪಕ್ಕದಲ್ಲಿ ಯಾರೂ ಇಲ್ಲ ತಾನೆ? ಹಾಗಾದ್ರೆ ಮೆಲ್ಲಗೆ ಹೇಳಿ, ನಂಗೊಬ್ಬನಿಗೆ ಕೇಳಿದ್ರೆ ಸಾಕು.)

ಏನಂದ್ರಿ, ಟೆನಿಸ್ಸೇ ಆಡಲ್ವಾ? ತೊಂದ್ರೆ ಇಲ್ಲ, ಕೂತ್ಕೊಳ್ಳಿ. ಶಟ್ಲ್ ಆಡಿದ್ದೀರಲ್ಲ? ಮನೆ ಅಂಗಳದಲ್ಲಿ ಸ್ವಂತ ಮಗನ ಬೌಲಿಂಗಿಗೆ ಔಟಾಗಿ "ಅದು ನೋ ಬಾಲ್ ಕಣೋ" ಅಂತ ವಾದ ಮಾಡಿದ್ದೀರಲ್ಲ? ಅಷ್ಟು ಕ್ವಾಲಿಫಿಕೇಷನ್ ಸಾಕು. ಈ ಹರಟೆ ಟೆನಿಸ್ ಬಗ್ಗೆ ಅಂತ ಹೆಸರಿಗಷ್ಟೇ, ವಿಷಯ ನೀವೇ.

ನಾನು ಸಕಲೇಶಪುರ, ಆಲೂರು ಕಡೆ ನಡೆಯೋ ದೋಸ್ತಿ ಪಂದ್ಯಗಳಿಗೆ ಕಾಯಂ ಅಂಪೈರು. ಯಾರೂ ಅಪಾಯಿಂಟ್ ಮಾಡಿಲ್ಲ, ಸಂಬಳ ಇಲ್ಲ, ಭತ್ಯೆ ಅಂದ್ರೆ ಒಂದು ಲೋಟ ಕಾಫಿ. ಮಂಡಿ ಸವೆದವರಿಗೆ ನಮ್ಮಲ್ಲಿ ಎರಡೇ ಪೋಸ್ಟು: ಒಂದು ರಮ್ಮಿ ಟೇಬಲ್ಲು, ಇನ್ನೊಂದು ಅಂಪೈರ್ ಕುರ್ಚಿ. ರಮ್ಮೀಲಿ ದುಡ್ಡು ಹೋಗುತ್ತೆ, ಕುರ್ಚೀಲಿ ಸ್ನೇಹ ಹೋಗುತ್ತೆ. ನಾನು ದುಡ್ಡು ಉಳಿಸ್ಕೊಂಡೆ.

ಈ ಗುಡ್ಡಕ್ಕೆ ಟೆನಿಸ್ ಹೆಂಗೆ ಹತ್ತಿಬಂತು ಅಂತೀರಾ? ಕಾಫಿ ಹಿಂದೇನೇ ಬಂತು. ಸಕಲೇಶಪುರದ ಮಂಜರಾಬಾದ್ ಕ್ಲಬ್ 1893ರದ್ದು, ಯುರೋಪಿಯನ್ ಪ್ಲಾಂಟರ್‌ಗಳು ಕಟ್ಕೊಂಡದ್ದು. ಆಗ ಟೆನಿಸ್ಸಿಗೂ ಇನ್ನೂ ಹರೆಯ. ಇಂಗ್ಲೆಂಡಲ್ಲಿ ಮೇಜರ್ ವಿಂಗ್‌ಫೀಲ್ಡ್ ಅನ್ನೋರು ಈ ಆಟಕ್ಕೆ ಪೇಟೆಂಟ್ ತಗೊಂಡದ್ದು 1874ರಲ್ಲಿ, ವಿಂಬಲ್ಡನ್ ಶುರುವಾದದ್ದು 1877ರಲ್ಲಿ. ದೊರೆಗಳು ಹಡಗು ಹತ್ತಿದ್ರು. ಕಾಫಿ ಉಳೀತು, ನೆಟ್ಟು ಉಳೀತು, ಗೆರೆ ಜಗಳಾನೂ ಉಳೀತು.

1877ರಲ್ಲಿ ಗೊತ್ತುಮಾಡಿದ ಅಳತೆ ಉದ್ದ 78 ಅಡಿ, ಸಿಂಗಲ್ಸಿಗೆ ಅಗಲ 27 ಅಡಿ. ಇವತ್ತಿಗೂ ಅದೇ, ಒಂದಂಗುಲ ಹೆಚ್ಚುಕಮ್ಮಿ ಆಗಿಲ್ಲ. ಆದ್ರೆ ನೀವು ರಾಕೆಟ್ ಹಿಡಿದು ಇಳಿದ್ರೋ, ನಿಮ್ಮ ಕಡೆ ಕೋರ್ಟು ಒಂದು ಗೇಣು ಕುಗ್ಗುತ್ತೆ, ಎದುರಿನ ಕಡೆ ಒಂದು ಗೇಣು ಹಿಗ್ಗುತ್ತೆ. ಇದಕ್ಕೆ ನಾನಿಟ್ಟ ಹೆಸರು ಗೆರೆ ಒತ್ತುವರಿ.

ಒತ್ತುವರಿ ಅಂದ ತಕ್ಷಣ ಗಾಬರಿಯಾಗಬೇಡಿ, ತಹಸೀಲ್ದಾರ್ ಆಫೀಸಿಂದ ಯಾರೂ ಬಂದಿಲ್ಲ. ಆದ್ರೆ ಒಂದು ಚೋದ್ಯ ನೋಡಿ. ತೋಟದಲ್ಲಿ ನಿಮ್ಮ ಬೇಲಿ ಯಾವತ್ತೂ ಆಚೆಗೇ ನಡೆಯೋದು. ಮಳೆಗಾಲ ಮುಗಿದು ಬೇಲಿ ಕಟ್ಟೋವಾಗ ಕಂಬ ಒಂದು ಮಾರು ಸರಿದಿರುತ್ತೆ, ಸರ್ವೆ ಕಲ್ಲು ಎಲ್ಲಿತ್ತು ಅಂದ್ರೆ ಮೂರು ತಲೆಮಾರಿಗೂ ನೆನಪಿಲ್ಲ. ಅದೇ ನೀವು ಟೆನಿಸ್ ಕೋರ್ಟಲ್ಲಿ ಕರ್ಣನ ಅವತಾರ! ನಿಮ್ಮ ಜಾಗ ಧಾರಾಳವಾಗಿ ಬಿಟ್ಟುಕೊಡ್ತೀರಿ, ಎದುರಿನವರ ಜಮೀನಿಗೆ ಸೇರಿಸಿ ಖಾತೆ ಮಾಡ್ಕೊಡ್ತೀರಿ.

ಕಾನೂನು ಏನು ಹೇಳುತ್ತೆ ಅಂತ ನಿಮಗೆ ಗೊತ್ತಿಲ್ಲ ಅಂತಲ್ಲ. ಬಾಲ್ ಗೆರೆಗೆ ಕೂದಲೆಳೆಯಷ್ಟು ತಾಗಿದ್ರೂ ಇನ್. ಅಂಪೈರ್ ಇಲ್ಲದಿದ್ರೆ ನಿಮ್ಮ ಕಡೆ ಬಿದ್ದದ್ದಕ್ಕೆ ನೀವೇ ಜಡ್ಜು, ಅವರ ಕಡೆ ಬಿದ್ದದ್ದಕ್ಕೆ ಅವರೇ. ಅನುಮಾನ ಬಂತೋ, ಅದರ ಲಾಭ ಎದುರಿನವರಿಗೆ. ಇಷ್ಟೇ. ಇದನ್ನ ಬರೆದವರು ಮನುಷ್ಯನ ಮೇಲೆ ಭಾರೀ ನಂಬಿಕೆ ಇಟ್ಟವರು. (ಪಾಪ, ಭಾನುವಾರ ಸಂಜೆ ನಿಮ್ಮ ಆಟ ನೋಡಿರಲಿಲ್ಲ.)

"ಅನುಮಾನ ಇದ್ರೆ ತಾನೆ?" ಅಂತೀರಿ. ಅದೇ ಕಣ್ರೀ ನಿಮ್ಮ ಚಮತ್ಕಾರ. ಜೀವನದಲ್ಲಿ ಎಲ್ಲದಕ್ಕೂ ಅನುಮಾನ ನಿಮಗೆ: ಕಾಫಿ ಈಗ ಮಾರೋದಾ ಇಟ್ಕೊಳ್ಳೋದಾ, ಮಗನಿಗೆ ಬೆಂಗಳೂರಾ ಮೈಸೂರಾ, ಗ್ಯಾಸ್ ಆಫ್ ಮಾಡಿದ್ನಾ ಇಲ್ವಾ. ನಲವತ್ತು ಅಡಿ ದೂರದಿಂದ, ಬೆವರಿಳಿಯೋ ಕನ್ನಡಕದಲ್ಲಿ, ಓಡ್ತಾ ಓಡ್ತಾ ನೋಡಿದ ಬಾಲ್ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಅನುಮಾನ ಇಲ್ಲ.

ಕುರ್ಚಿ ಮೇಲಿಂದ ನೋಡಿದ್ರೆ ನೀವು ಮೂರ್ನಾಲ್ಕು ಜಾತಿ. ಮೊದಲನೆಯವರು ಜ್ಯೋತಿಷಿಗಳು. ಬಾಲ್ ಇನ್ನೂ ಗಾಳೀಲಿರುವಾಗಲೇ "ಔಟ್" ಅಂದಿರ್ತಾರೆ. ಆಮೇಲೆ ಬಾಲು ಅವರ ಮರ್ಯಾದೆ ಉಳಿಸೋಕೆ ಔಟ್ ಬೀಳಬೇಕು. ಒಳಗೆ ಬಿತ್ತು ಅನ್ನಿ, ತಪ್ಪು ಬಾಲಿಂದು.

ಎರಡನೆಯವರು ಮಹಾತ್ಮರು. "ನಂಗೆ ಸರಿಯಾಗಿ ಕಾಣ್ಲಿಲ್ಲ, ಇನ್ನೊಂದ್ಸಲ ಆಡೋಣ ಬಿಡಿ" ಅಂತಾರೆ. ಎಂಥಾ ಔದಾರ್ಯ ಅಂತ ನೀವು ಕೈ ಮುಗೀತೀರಿ. ತಡೀರಿ! ಅವರ ಕಡೆ ಬಿದ್ದ ಬಾಲ್ ಅವರಿಗೆ ಕಾಣಲಿಲ್ಲ ಅಂದ್ರೆ ಪಾಯಿಂಟ್ ನಿಮ್ದು, ಮತ್ತೆ ಆಡೋ ಮಾತೇ ಇಲ್ಲ. ಇನ್ನೊಂದು ಗಮನಿಸಿ: ಇನ್ನೊಂದ್ಸಲ ಆಡೋಣ ಅನ್ನೋ ಔದಾರ್ಯ ಯಾವಾಗ್ಲೂ ಸೋತವರ ಬಾಯಿಂದಲೇ ಬರೋದು. ಗೆದ್ದವರು ಹಂಗಂದದ್ದನ್ನ ನೀವು ಕೇಳಿದ್ದೀರಾ?

ಮೂರನೆಯವರು ಲೆಟ್ ಲಾಯರ್‌ಗಳು. ಪಕ್ಕದಿಂದ ಒಂದು ಬಾಲ್ ಉರುಳಿಕೊಂಡು ಒಳಗೆ ಬಂದ್ರೆ ಆ ಕ್ಷಣವೇ ಲೆಟ್ ಅನ್ನಬೇಕು, ಪಾಯಿಂಟ್ ಮತ್ತೆ ಆಡಬೇಕು. ಇವರು ಹಾಗಲ್ಲ. ಬಾಲ್ ಉರುಳಿ ಬಂದದ್ದನ್ನ ನೋಡ್ತಾರೆ, ಸುಮ್ನಿರ್ತಾರೆ, ಒಂದು ಭರ್ಜರಿ ಸ್ಮ್ಯಾಷ್ ಹೊಡೀತಾರೆ. ಗೆರೆ ಮೇಲೆ ಬಿತ್ತೋ, ಪಾಯಿಂಟು. ನೆಟ್ಟಿಗೆ ಬಿತ್ತೋ, "ಲೆಟ್ ಲೆಟ್! ನೋಡ್ರೀ ಕಾಲ ಹತ್ರ ಬಾಲ್ ಇದೆ!"

ನಾಲ್ಕನೆಯವರು ಮೆಕೆನ್ರೋ ಶಿಷ್ಯರು. 1981ರ ವಿಂಬಲ್ಡನ್ ಮೊದಲ ಸುತ್ತಲ್ಲಿ ಜಾನ್ ಮೆಕೆನ್ರೋ ಸುಣ್ಣದ ಪುಡಿ ಎದ್ದಿತ್ತು, ಬಾಲ್ ಇನ್ ಅಂತ ಅಂಪೈರ್ ಮುಂದೆ ಹಾರಾಡಿದ್ದು ಇವರಿಗೆ ಬಾಯಿಪಾಠ. ಆ ವರ್ಷ ಅದೇ ಮೆಕೆನ್ರೋ ಫೈನಲ್ಲಲ್ಲಿ ಬೋರ್ಗ್‌ನ ಸೋಲಿಸಿ ಕಪ್ ಎತ್ತಿದ್ದು ಮಾತ್ರ ನೆನಪಿಲ್ಲ. ಹಾರಾಟ ಕಲಿತ್ರು, ವಾಲಿ ಕಲೀಲಿಲ್ಲ.

(ಇವರ ಪಕ್ಕದಲ್ಲೇ ಇನ್ನೊಂದು ಉಪಜಾತಿ ಇದೆ. ಕೊಡಗಿನ ಕಾಫಿ ತೋಟದ ಮನೆಯ ರೋಹನ್ ಬೋಪಣ್ಣ 2024ರ ಜನವರೀಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43. ಅವತ್ತಿಂದ ನಮ್ಮಲ್ಲಿ ಮಂಡಿಗೆ ಬೆಲ್ಟ್ ಕಟ್ಕೊಂಡವರೆಲ್ಲ "ನಂಗಿನ್ನೂ ನಲವತ್ತೊಂದು" ಅಂತ ಎದ್ದು ಕೂತಿದ್ದಾರೆ. ಬೋಪಣ್ಣನೂ ಕಾಫಿ ತೋಟ, ನಾವೂ ಕಾಫಿ ತೋಟ. ಇನ್ನೇನು ಬೇಕು?)

ಈಗ ನಿಮ್ಮ ಪರವಾಗಿ ಒಂದು ಮಾತು. ಬೈದು ಬೈದು ಸಾಕಾಯ್ತು, ಪಾಪ. ಎದುರಿನವರ ಬಾಲ್ ಔಟ್ ಕಾಣೋದು ಪೂರಾ ನಿಮ್ಮ ಕಳ್ಳತನ ಅಲ್ಲ. ಕ್ಯಾಲಿಫೋರ್ನಿಯಾದ ಡೇವಿಡ್ ವಿಟ್ನಿ ಅನ್ನೋ ವಿಜ್ಞಾನಿ ತನ್ನ ಸಂಗಡಿಗರ ಜೊತೆ ವಿಂಬಲ್ಡನ್ನಿನ ಸಾವಿರಾರು ಪಾಯಿಂಟುಗಳ ವೀಡಿಯೋ ನೋಡಿ, 2008ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದ್ರು. ಅವರು ಹಿಡಿದದ್ದು 83 ತಪ್ಪು ತೀರ್ಪು.

ಆ 83ರಲ್ಲಿ 70 ಯಾವುದು ಗೊತ್ತಾ? ಒಳಗೆ ಬಿದ್ದ ಬಾಲನ್ನ ಔಟ್ ಅಂದದ್ದು. ವೇಗವಾಗಿ ಹೋಗೋ ವಸ್ತು ಇರೋ ಜಾಗಕ್ಕಿಂತ ಸ್ವಲ್ಪ ಮುಂದೆ ಇದೆ ಅಂತ ನಮ್ಮ ಕಣ್ಣು, ಮಿದುಳು ಸೇರಿ ತಿಳ್ಕೊಳ್ಳುತ್ತವಂತೆ. ಬಾಲ್ ಹೊರಗಡೆ ಹೋಗ್ತಿದ್ರೆ ಹೊರಗೇ ಬಿದ್ದ ಹಾಗೆ ಕಾಣುತ್ತೆ. ಅದೂ ಯಾರಿಗೆ? ಯಾರ ಕಡೆಗೂ ಸೇರದ, ಅದೇ ಕಸುಬು ಮಾಡೋ ವಿಂಬಲ್ಡನ್ ಲೈನ್ ಜಡ್ಜುಗಳಿಗೆ.

ಓಹೋ, ಎದ್ದು ನಿಂತ್ರಾ? "ನೋಡಿದ್ರಾ, ನಂದೇನೂ ತಪ್ಪಿಲ್ಲ, ವಿಜ್ಞಾನವೇ ಹೇಳ್ತಿದೆ!" ಅಂತ ಈ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕೋಕೆ ಹೊರಟ್ರಾ? ಒಂದೇ ನಿಮಿಷ, ಕೂತ್ಕೊಳ್ಳಿ.

ಕಣ್ಣಿನ ದೋಷ ಅಂದ್ರೆ ಎರಡೂ ಕಡೆಗೆ ಒಂದೇ ಆಗಬೇಕಲ್ವಾ? ನೀವು ಹೊಡೆದ ಬಾಲೂ ಎದುರಿನ ಬೇಸ್‌ಲೈನ್ ಕಡೆಗೆ ಹೊರಮುಖವಾಗೇ ಹೋಗೋದು. ಅದೂ ನಿಮಗೆ ಔಟ್ ಕಾಣಬೇಕು. ಕಾಣುತ್ತಾ? ಇಲ್ಲ! ಅದು ಗೆರೆ ಮೇಲೆ ಬಿದ್ದದ್ದು ನಿಮಗೆ ನಿಚ್ಚಳವಾಗಿ ಕಾಣುತ್ತೆ, 78 ಅಡಿ ಆಚೆಯಿಂದ! ಅರ್ಧ ಅಪರಾಧ ಕಣ್ಣಿಂದು ಅಂತ ಬಿಟ್ಟುಕೊಟ್ಟೆ. ಇನ್ನರ್ಧಕ್ಕೆ ಯಾವ ವಿಜ್ಞಾನಿನ ಕರೀತೀರಿ?

ನಮ್ಮ ಕಡೆ ಬಾಲ್ ಎಲ್ಲಿ ಬಿತ್ತು ಅಂತ ಪತ್ತೆ ಹಚ್ಚೋಕೆ ಮಷಿನ್ ಬೇಡ, ಮಣ್ಣೇ ಸಾಕು. ಕೆಂಪು ಮಣ್ಣಿನ ಕೋರ್ಟು, ಸುಣ್ಣದಲ್ಲಿ ಎಳೆದ ಗೆರೆ. ಬಾಲ್ ಬಿದ್ದಲ್ಲಿ ಬೆರಳಗಲ ಗುರುತು ಮೂಡುತ್ತೆ. ಸುಣ್ಣ ಕದಡಿದ್ರೆ ಇನ್, ಕದಡದಿದ್ರೆ ಔಟ್. ಇಷ್ಟು ಸುಲಭಕ್ಕೆ ಜಗಳ ಎಲ್ಲಿಂದ ಬಂತು? ಬರುತ್ತೆ, ಸ್ವಾಮಿ. ಗುರುತು ಎಲ್ಲರಿಗೂ ಕಾಣುತ್ತೆ, ಆದ್ರೆ ಅದು ಯಾವ ಬಾಲಿನ ಗುರುತು?

"ಇದು ಈಗಿಂದಲ್ಲ, ಹೋದ ಗೇಮಿಂದು." "ಅದಲ್ಲ, ಇಲ್ಲಿ ನೋಡಿ, ಇದು ಹಸಿ ಗುರುತು." "ಹಸಿ ಅಲ್ಲ ಅದು, ನಿಮ್ಮ ಶೂದು." ಇಬ್ಬರು ಗೌರವಸ್ಥರು, ಒಬ್ಬರು ಸೊಸೈಟಿ ಡೈರೆಕ್ಟರು, ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರು, ಮಂಡಿಯೂರಿ ನೆಲಕ್ಕೆ ಮೂಗು ತಾಗಿಸ್ಕೊಂಡು ಸಿ.ಐ.ಡಿ. ಕೆಲಸ ಮಾಡೋದನ್ನ ನೀವು ಮೇಲಿಂದ ನೋಡಬೇಕು. ಅದಕ್ಕೇ ನನ್ನ ಮೊದಲ ರೂಲು: ಪ್ರತಿ ಸೆಟ್ಟಿಗೂ ಮುಂಚೆ ಗೆರೆ ಸುತ್ತ ಪೊರಕೆ ಆಡಿಸಿ. ಹಳೇ ಸಾಕ್ಷಿ ಗುಡಿಸಿಹಾಕಿದ್ರೆ ಅರ್ಧ ಕೇಸು ವಜಾ.

ಫ್ರೆಂಚ್ ಓಪನ್ನಲ್ಲೂ ಇದೇ ಮಣ್ಣು, ಇದೇ ಗುರುತು. ಬೇರೆ ದೊಡ್ಡ ಪಂದ್ಯಗಳೆಲ್ಲ ಮಷಿನ್ ತಂದ್ರೂ 2025ರಲ್ಲಿ ಕೂಡ ಅಲ್ಲಿ ಲೈನ್ ಜಡ್ಜುಗಳು ಉಳ್ಕೊಂಡಿದ್ರು. ಅಂಪೈರು ಕುರ್ಚಿ ಇಳಿದು ಬಂದು ಬಗ್ಗಿ ನೋಡ್ತಾರೆ. ನಮ್ಮ ಹೆಡ್‌ಮಾಸ್ಟರು ಇದನ್ನ ಟೀವೀಲಿ ನೋಡಿದ ಮೇಲೆ ಇನ್ನೂ ಬಗ್ತಾರೆ.

ವಿಂಬಲ್ಡನ್ನು ಮಾತ್ರ 2025ರಲ್ಲಿ ಲೈನ್ ಜಡ್ಜುಗಳನ್ನ ಮನೆಗೆ ಕಳಿಸಿ ಪೂರ್ತಿ ಮಷಿನ್ ಕೈಗೆ ಕೊಟ್ತು. ಇನ್ನು ಜಗಳವೇ ಇಲ್ಲ ಅಂದ್ಕೊಂಡ್ರಾ? ಅದೇ ವರ್ಷ ಸೆಂಟರ್ ಕೋರ್ಟಲ್ಲಿ ಪಾವ್ಲ್ಯುಚೆಂಕೋವಾ ಮತ್ತು ಸೊನಾಯ್ ಕಾರ್ಟಲ್ ಆಡುವಾಗ ಒಂದು ಕಡೆಯ ಮಷಿನ್ ಯಾರೋ ಆಫ್ ಮಾಡಿಬಿಟ್ಟಿದ್ರು. ಬಾಲ್ ಎದ್ದು ಕಾಣೋ ಹಾಗೆ ಹೊರಗೆ ಬಿತ್ತು, ಮಷಿನ್ ಗಪ್‌ಚುಪ್. ಕೊನೆಗೆ ಅಂಪೈರ್ ಪಾಯಿಂಟ್ ಮತ್ತೆ ಆಡಿಸಿದ್ರು. (ನಮ್ಮಲ್ಲಿ ಚೆಸ್ಕಾಂ ಕರೆಂಟ್ ನಂಬ್ಕೊಂಡು ಮಷಿನ್ ತಂದ್ರೆ ಇಡೀ ಸೆಟ್ ಮತ್ತೆ ಆಡಬೇಕಾದೀತು.)

ಹಾಗಾಗಿ ಮನುಷ್ಯನೇ ಗತಿ. ಆದ್ರೆ ಯಾರು? ನಾನು ಊರಲ್ಲಿ ಇಲ್ಲದ ದಿನ ಒಂದು ತೋಟದ ಪಂದ್ಯಕ್ಕೆ ಅಲ್ಲಿನ ರೈಟರ್‌ನೇ ಕೂರಿಸಿದ್ರಂತೆ. ಮೆಣಸು ಕುಯ್ಯೋ ಏಣಿ ಎರಡನ್ನ ಸೇರಿಸಿ ಕಟ್ಟಿ, ಮೇಲೊಂದು ಹಲಗೆ ಬಡಿದ ಕುರ್ಚಿ. ಕೆಳಗೆ ಆಡ್ತಿರೋದು ಸಂಬಳ ಕೊಡೋ ಧಣಿ. ರೈಟರ್ ಪಾಪ ಹಾಜರಿ ಪುಸ್ತಕದ ಕೊನೇ ಪುಟದಲ್ಲಿ ಸ್ಕೋರ್ ಬರ್ಕೊಳ್ತಾ ಕೂತಿದ್ದಾನೆ.

ಧಣಿ ಹೊಡೆದ ಬಾಲ್ ಬೇಸ್‌ಲೈನ್ ದಾಟಿ ಒಂದು ಗೇಣು ಆಚೆ ಬಿತ್ತು. ಗುರುತು ಕೋಳಿಮೊಟ್ಟೆ ಗಾತ್ರ. ಎಲ್ಲರ ಕಣ್ಣು ಏಣಿ ಮೇಲೆ. ರೈಟರ್ ಕಿವಿ ಮೇಲಿಂದ ಪೆನ್ಸಿಲ್ ತೆಗೆದ, ತುದಿ ನೋಡಿದ, ಸಿಲ್ವರ್ ಓಕ್ ಮರ ನೋಡಿದ, ಕೊನೆಗೆ "ಹತ್ರ ಬಿತ್ತು ಸಾರ್" ಅಂದ. "ಹತ್ರ ಅಂದ್ರೆ? ಒಳಗೋ ಹೊರಗೋ?" "ಎರಡಕ್ಕೂ ಹತ್ರ ಸಾರ್."

ಧಣಿನೇ ಕೊನೆಗೆ "ಔಟ್ ಕಣಯ್ಯಾ" ಅಂದು ಪಾಯಿಂಟ್ ಬಿಟ್ಟುಕೊಟ್ರು. ದೊಡ್ಡತನ, ಒಪ್ಪೋಣ. ಆದ್ರೆ ಅವತ್ತು ರಾತ್ರಿ ಊಟದ ಹೊತ್ತಿಗೆ ಆ ಕಥೆ ನಾಲ್ಕು ಸಲ ಆಯ್ತು, ಪ್ರತಿ ಸಲವೂ ಬಾಲ್ ಗೆರೆಗೆ ಹತ್ರ ಹತ್ರ ಬರ್ತಾ ಹೋಯ್ತು. ನಾಲ್ಕನೇ ಸಲಕ್ಕೆ ಬಾಲ್ ಇನ್ ಆಗಿತ್ತು, ಧಣಿ ತ್ಯಾಗ ಮಾಡಿದ್ರು! (ನೀವು ನಗಬೇಡಿ. ಹತ್ತು ವರ್ಷದ ಹಿಂದೆ ನೀವು ಅಂಗಡೀಲಿ ಹೆಚ್ಚಿಗೆ ಬಂದ ಚಿಲ್ಲರೆ ವಾಪಸ್ ಕೊಟ್ಟ ಕಥೆ ನಿಮ್ಮ ಮನೆಯವರಿಗೆಲ್ಲ ಕಂಠಪಾಠ.)

ಅಂಪೈರಿಂಗ್ ಗುಟ್ಟು ಬೇಕಾ? ಹತ್ರ ಬನ್ನಿ. ಜೋರಾಗಿ ಹೇಳಿ, ತಕ್ಷಣ ಹೇಳಿ. ಒಂದು ಸೆಕೆಂಡ್ ತಡವಾದ ನಿಜ ಸುಳ್ಳಾಗಿ ಕೇಳಿಸುತ್ತೆ. "ನನ್ನ ಪ್ರಕಾರ", "ಅನ್ಸುತ್ತೆ" ಇವೆಲ್ಲ ಕುರ್ಚಿ ಹತ್ತೋ ಮುಂಚೆ ಕೆಳಗೇ ಬಿಟ್ಟು ಹೋಗಿ. ಕಾರಣ ಕೊಡ್ಬೇಡಿ. ಕಾರಣ ಕೊಟ್ರೋ, ಅದಕ್ಕೊಂದು ಪ್ರತಿಕಾರಣ ಹುಡ್ಕೋದ್ರಲ್ಲಿ ಮಲೆನಾಡಿನವರನ್ನ ಮೀರಿಸೋರಿಲ್ಲ. ನಾವು ಕೋರ್ಟು ಅಂದ್ರೆ ಮೊದ್ಲು ಸಿವಿಲ್ ಕೋರ್ಟೇ ನೆನೆಸ್ಕೊಳ್ಳೋ ಜನ.

ಇನ್ನೊಂದು: ಜಗಳ ಎರಡು ಥರ. ಬಾಲ್ ಎಲ್ಲಿ ಬಿತ್ತು, ನೆಟ್ ಮುಟ್ಟಿದ್ರಾ ಇಲ್ವಾ, ಇದು ಸಂಗತಿಯ ಜಗಳ. ಇದಕ್ಕೆ ಅಂಪೈರ್ ಮಾತೇ ಕೊನೆ, ಅಪೀಲಿಲ್ಲ. ಹಂಗಾದ್ರೆ ರೂಲು ಏನು ಹೇಳುತ್ತೆ, ಇದು ಕಾನೂನಿನ ಜಗಳ. ಇದಕ್ಕೆ ರೆಫರಿ ಹತ್ರ ಹೋಗಬಹುದು. ನೀವು ಮಾಡೋದೇನು? ಸಂಗತೀಲಿ ಸೋತ ಕೂಡ್ಲೇ ಕಾನೂನು ತೆಗೀತೀರಿ, ಕಾನೂನಲ್ಲಿ ಸೋತ ಕೂಡ್ಲೇ "ಅದಿರ್ಲಿ, ಬಾಲ್ ಬಿದ್ದದ್ದೆಲ್ಲಿ?" ಅಂತ ವಾಪಸ್ ಬರ್ತೀರಿ. ಹೆಂಡತಿ ಹತ್ರ ಇದು ನಡೆಯಲ್ಲ ಅಂತ ನಿಮಗೇ ಗೊತ್ತು, ನನ್ನ ಹತ್ರ ಯಾಕೆ?

ಸ್ಕೋರ್ ಜಗಳ ಇನ್ನೂ ಸೊಗಸು. ಸರ್ವ್ ಮಾಡೋರು ಪ್ರತಿ ಪಾಯಿಂಟಿಗೂ ಮುಂಚೆ ಸ್ಕೋರ್ ಕೂಗಿ ಹೇಳಬೇಕು. ಗೆಲ್ತಿದ್ರೆ ಸಕಲೇಶಪುರದ ಸಂತೆಗೆ ಕೇಳೋ ಹಾಗೆ ಕೂಗ್ತೀರಿ, ಸೋಲ್ತಿದ್ರೆ ಗಂಟಲು ಕಟ್ಟಿರುತ್ತೆ. ಐದು ಪಾಯಿಂಟ್ ಆದ್ಮೇಲೆ ನೀವು 40-30 ಅಂತೀರಿ, ಅವರು 30-40 ಅಂತಾರೆ. ಈಗೇನು ಮಾಡೋದು?

ಇದಕ್ಕೊಂದು ಅಂದವಾದ ದಾರಿ ಇದೆ. ಯಾವ್ಯಾವ ಪಾಯಿಂಟ್ ಇಬ್ಬರೂ ಒಪ್ತೀರಿ, ಅದನ್ನ ಮೊದಲು ಎಣಿಸಿ. ಜಗಳ ಇರೋದು ಬರೀ ಮೊದಲನೇ ಪಾಯಿಂಟ್ ಬಗ್ಗೆ ಅನ್ನಿ. ಉಳಿದ ನಾಲ್ಕರಲ್ಲಿ ಇಬ್ಬರಿಗೂ ಎರಡೆರಡು. ಸರಿ, 30-30ರಿಂದ ಆಟ ಮುಂದುವರೀಲಿ, ಜಗಳದ ಪಾಯಿಂಟನ್ನ ಮತ್ತೆ ಆಡಿ. ಒಪ್ಪಿದ್ದು ಉಳೀತು, ಒಪ್ಪದ್ದು ಮತ್ತೆ ಆಡೋಕೆ ಬಂತು.

ಎಷ್ಟು ಸರಳ ನೋಡಿ! ಆದ್ರೆ "ಯಾವುದು ಒಪ್ತೀರಿ ಹೇಳಿ" ಅಂತ ಕೇಳಿದ್ರೆ ನೀವು ತಬ್ಬಿಬ್ಬು. ಒಪ್ಪದೇ ಇರೋದರ ಪಟ್ಟಿ ನಾಲಿಗೆ ತುದೀಲಿದೆ, ಒಪ್ಪಿದ್ದರ ಪಟ್ಟಿ ಯಾವತ್ತೂ ಮಾಡಿಲ್ಲ. ಅಣ್ಣ-ತಮ್ಮನ ಪಾಲಿನ ಪಂಚಾಯ್ತೀಲೂ ನಿಮ್ಮದು ಇದೇ ಕಥೆ ತಾನೆ? ಹದಿನೈದು ಎಕರೆಯಲ್ಲಿ ಹದಿನಾಲ್ಕೂವರೆ ಒಪ್ಪಿದ್ದಾಗಿರುತ್ತೆ. ಮಾತು ಬಿಟ್ಟದ್ದು ಉಳಿದರ್ಧಕ್ಕೆ.

ಮಿಕ್ಸೆಡ್ ಡಬಲ್ಸ್ ಬಗ್ಗೆ ಬರೀಬಾರದು ಅಂದ್ಕೊಂಡಿದ್ದೆ. ಬರ್ದೇ ಬಿಡ್ತೀನಿ. ಅಂಪೈರಿಲ್ಲದ ಡಬಲ್ಸಿನ ಪದ್ಧತಿ ಹೀಗೆ: ಜೋಡೀಲಿ ಒಬ್ಬರು ಔಟ್ ಅಂದು ಇನ್ನೊಬ್ಬರು ಇನ್ ಅಂದ್ರೆ, ಅನುಮಾನ ಬಂತು ಅಂತಲೇ ಅರ್ಥ. ಬಾಲ್ ಇನ್. ಗಂಡ ಎದೆ ತುಂಬಿ "ಔಟ್" ಅಂತಾರೆ. ಪಕ್ಕದಿಂದ ಹೆಂಡತಿ, ಕೂದಲು ಸರಿ ಮಾಡ್ಕೊಳ್ತಾ, "ಇನ್ ಕಣ್ರೀ, ನಾನು ನೋಡ್ದೆ" ಅಂತಾರೆ.

ಪಾಯಿಂಟ್ ಹೋಯ್ತು. ಅದು ಬಿಡಿ. ಅಲ್ಲಿಂದ ಮನೆಗೆ ಜೀಪಲ್ಲಿ ಒಂದು ಗಂಟೆ ದಾರಿ, ತಿರುವಿಗೊಂದು ತಿರುವು. "ನೀನು ಸುಮ್ನಿರಬಹುದಿತ್ತು" ಅಂತ ಗಂಡ. "ನೀವು ನಿಜ ಹೇಳಬಹುದಿತ್ತು" ಅಂತ ಹೆಂಡತಿ. ಗೆರೆ ವಿಷಯ ಮೊದಲ ತಿರುವಲ್ಲೇ ಮುಗೀತು. ಎರಡನೇ ತಿರುವಿಗೆ ಅತ್ತೆ ವಿಷಯ, ಮೂರನೇ ತಿರುವಿಗೆ 2011ರ ಮದುವೇಲಿ ಯಾರು ಯಾರಿಗೆ ಸೀರೆ ಕೊಟ್ರು ಅನ್ನೋದು. (ಯಾರ ಮನೆ ಅಂತ ಕೇಳ್ಬೇಡಿ. ನಿಮ್ಮದಲ್ಲ ತಾನೆ? ಮತ್ಯಾಕೆ ಕೆಮ್ಮಿದ್ರಿ?)

ಎಲ್ಲರೂ ಒಪ್ಪೋ ತೀರ್ಪು ಒಂದಾದ್ರೂ ಉಂಟಾ? ಉಂಟು, ಹೂಮಳೆ. ನಮ್ಮ ಟೂರ್ನಮೆಂಟು ನಡೆಯೋದೇ ಕುಯ್ಲು ಮುಗಿದು ಮುಂಗಾರು ಹಿಡಿಯೋ ಮುಂಚಿನ ಸಂದೀಲಿ. 90 ಸೆಕೆಂಡಿನ ವಿರಾಮ ರೋಬಸ್ಟಾ ರೇಟ್ ಮಾತಾಡ್ತಾ ಆರು ನಿಮಿಷ ಆಗುತ್ತೆ. ಅಷ್ಟರಲ್ಲಿ ಬಿಸಲೆ ಕಡೆಯಿಂದ ಮೋಡ ಎದ್ದು ನಾಲ್ಕು ಹನಿ ಬಿತ್ತು ಅನ್ನಿ, ಮ್ಯಾಚ್ ಪಾಯಿಂಟಲ್ಲಿದ್ದವರೂ ರಾಕೆಟ್ ಬಿಸಾಕಿ ಕೈ ಮುಗೀತಾರೆ. ಕಾಫಿ ಹೂ ಬಿಡೋ ಮಳೆಗೆ ಅಪೀಲ್ ಮಾಡಿದವರು ಈವರೆಗೆ ಹುಟ್ಟಿಲ್ಲ.

ಆನೆ ವಿಷಯದಲ್ಲಿ ಹಾಗಿಲ್ಲ. ಆಲೂರು ಕಡೆ ಸಂಜೆ ಐದೂವರೆಗೆ ಎಲ್ಲರ ಮೊಬೈಲೂ ಒಟ್ಟಿಗೆ ಟಿಣ್ ಅನ್ನುತ್ತೆ: ಇಂಥಾ ಕಡೆ ಕಾಡಾನೆ ಹಿಂಡು, ಓಡಾಟ ಬೇಡ. ಆಟ ನಿಲ್ಲಿಸಲೇಬೇಕು, ಹುಡುಗಾಟ ಅಲ್ಲ. ಕತ್ತಲಾಗೋ ಮುಂಚೆ ಮನೆ ಸೇರಬೇಕು. ಆದ್ರೆ ಜೀವ ಕೈಲಿ ಹಿಡ್ಕೊಂಡು ಜೀಪ್ ಹತ್ತುವಾಗಲೂ 2-5ರಲ್ಲಿ ಸೋಲ್ತಿದ್ದವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗ್ತಾರೆ: "ಮ್ಯಾಚ್ ಡ್ರಾ ಅಲ್ವಾ?"

ಡ್ರಾ ಅಲ್ಲ ಸ್ವಾಮಿ. ಟೆನಿಸ್ಸಲ್ಲಿ ಡ್ರಾ ಅನ್ನೋದೇ ಇಲ್ಲ. ನಿಲ್ಲಿಸಿದ ಪಂದ್ಯ ನಿಂತಲ್ಲಿಂದಲೇ ಶುರು: ಅದೇ ಸ್ಕೋರು, ಅದೇ ಸರ್ವರು, ಅದೇ ಬದಿ. ಮಾರನೇ ದಿನ ಫೋನ್ ಮಾಡಿದ್ರೆ ಅವರಿಗೆ ಬೆನ್ನು ನೋವು, ತೋಟದಲ್ಲಿ ಸ್ಪ್ರಿಂಕ್ಲರ್ ರಿಪೇರಿ, ಮಗಳಿಗೆ ಪರೀಕ್ಷೆ. 5-2ರಲ್ಲಿದ್ದವರು ಮಾತ್ರ ಬೆಳಿಗ್ಗೆ ಆರಕ್ಕೇ ಬಿಳಿ ಚಡ್ಡೀಲಿ ಹಾಜರು, ಆನೆ ಇನ್ನೂ ಕೆರೆ ಹತ್ರ ಇದ್ರೂ ಪರವಾಗಿಲ್ಲ ಅಂತ.

ಎಲ್ಲರೂ ಹೀಗೇನಾ ಅಂದ್ರೆ, ಇಲ್ಲ. ಒಬ್ಬ ಹುಡುಗನ್ನ ನೋಡಿದ್ದೀನಿ, ಕಾಲೇಜು ಓದೋನು. ಸೆಟ್ ಪಾಯಿಂಟ್. ನೆಟ್ ಹತ್ರ ಡ್ರಾಪ್ ಶಾಟ್ ಬಿತ್ತು, ಧೂಳೆಬ್ಬಿಸಿ ಓಡಿ ಬಂದು ಹೆಂಗೋ ಎತ್ತಿದ, ಎದುರಿನವರು ಹೊರಗೆ ಹೊಡೆದ್ರು. ನಾನು ಪಾಯಿಂಟ್ ಅವನಿಗೆ ಅಂತ ಬಾಯಿ ತೆರೀಬೇಕು, ಅಷ್ಟರಲ್ಲಿ ಅವನೇ ಕೈಯೆತ್ತಿ "ಎರಡು ಪುಟ ಆಗಿತ್ತು ಅಂಕಲ್" ಅಂದ. ನಂಗೆ ಕಂಡಿರಲಿಲ್ಲ. ಎದುರಿನವರಿಗೂ ಕಂಡಿರಲಿಲ್ಲ. ಅವನ ರಾಕೆಟ್ಟಿಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ.

ಆಗ ಬೇಲಿ ಪಕ್ಕ ಪ್ಲಾಸ್ಟಿಕ್ ಕುರ್ಚೀಲಿ ಕೂತಿದ್ದ ನೀವೆಲ್ಲ ಏನಂದ್ರಿ, ನೆನಪಿದೆಯಾ? ಮೊದಲು ಚಪ್ಪಾಳೆ. ಆಮೇಲೆ ಪಕ್ಕದವರ ಕಿವೀಲಿ, "ಒಳ್ಳೇ ಹುಡುಗ, ಆದ್ರೆ ಸ್ವಲ್ಪ ಪೆದ್ದ. ತೋಟ ಹೆಂಗೆ ನೋಡ್ಕೊಳ್ತಾನೋ." ಆ ಸೆಟ್ ಅವನು ಸೋತ. ಆದ್ರೆ ಅವತ್ತಿಂದ ಒಂದು ವಿಚಿತ್ರ ನಡೀತಿದೆ: ಅವನು ಔಟ್ ಅಂದ್ರೆ ಯಾರೂ ಗುರುತು ನೋಡೋಕೆ ಬರಲ್ಲ. ಹೆಡ್‌ಮಾಸ್ಟರೂ ಬಗ್ಗಲ್ಲ. ಒಂದು ಪಾಯಿಂಟ್ ಕೊಟ್ಟು ಅವನು ತಗೊಂಡದ್ದು ಅಷ್ಟು.

ಈ ಲೆಕ್ಕ ನಿಮಗೆ ಹೊಳೀಬೇಕಿತ್ತು. ಕಾಫಿ ಒಂದು ರೂಪಾಯಿ ಏರೋದನ್ನ ಮೂರು ದಿನ ಮುಂಚೆ ವಾಸನೆ ಹಿಡಿಯೋರು ನೀವು. ಗೆರೆ ಮೇಲಿನ ಒಂದು ಗೇಣು ಜಾಗಕ್ಕೆ ನೀವು ಎಷ್ಟು ಕೊಡ್ತಿದ್ದೀರಿ ಅಂತ ಯಾವತ್ತಾದ್ರೂ ಕೂಡಿ ಕಳೆದಿದ್ದೀರಾ? ಪ್ರತಿ ಭಾನುವಾರ ಒಂದೊಂದು ಪಾಯಿಂಟ್ ಗೆಲ್ತಾ ಬಂದ್ರಿ. ಈಗ ನೀವು ನಿಜವಾಗ್ಲೂ ಔಟಾದ ಬಾಲಿಗೆ ಔಟ್ ಅಂದ್ರೂ ಎದುರಿನವರು ನನ್ನ ಮುಖ ನೋಡ್ತಾರೆ.

ಅದಕ್ಕೇ ಒಂದು ಪ್ಲಾನ್ ಹೇಳ್ತೀನಿ. ಬರೋ ಭಾನುವಾರ ನೀವೇ ಕುರ್ಚಿ ಹತ್ತಿ, ನಾನು ಕೆಳಗೆ ಆಡ್ತೀನಿ. ಮಂಡಿ ಹೋದ್ರೆ ಹೋಗ್ಲಿ. ಮೇಲೆ ಕೂತು ನೋಡಿದ್ರೆ ಎರಡೂ ಕಡೆ ಕೋರ್ಟು ಒಂದೇ ಅಳತೆ ಅಂತ ನಿಮಗೇ ಗೊತ್ತಾಗುತ್ತೆ. ಜೋರಾಗಿ ಹೇಳಿ, ತಕ್ಷಣ ಹೇಳಿ, ಯಾರ ಮುಖಾನೂ ನೋಡ್ಬೇಡಿ, ನಂದೂ ಸೇರಿ. ಈಗ್ಲೇ ಒಂದು ವಿಷಯ ತಿಳಿಸಿರ್ತೀನಿ ಅಷ್ಟೇ, ಆಮೇಲೆ ಕಸಿವಿಸಿ ಬೇಡ: ನನ್ನ ಬಾಲ್ ಔಟ್ ಹೋಗೋದು ತೀರಾ ಕಮ್ಮಿ.